ರಸ್ತೆಯ ಆಚೆ ಬದಿಯ ತರಗತಿ

ಪಿಯುಸಿ ಫಲಿತಾಂಶ ಬಂದ ವಾರ. ಪಕ್ಕದ ಮನೆಯ ಹುಡುಗಿ ಅಂಕಪಟ್ಟಿಯ ಪ್ರತಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಸಂಖ್ಯಾಶಾಸ್ತ್ರದಲ್ಲಿ 100ಕ್ಕೆ 96 ಅಂಕ. ಮುಖದಲ್ಲಿ ಮಾತ್ರ ಆ ಅಂಕಗಳ ಸಂತೋಷವಿರಲಿಲ್ಲ. ಕೂರಿಸಿ ವಿಚಾರಿಸಿದೆ.

ಅವಳ ಅಬ್ಬ ಗಲ್ಫ್‌ನಲ್ಲಿದ್ದಾರೆ. ಮಗಳು ಎಷ್ಟು ಬೇಕಾದರೂ ಕಲಿಯಲಿ, ಆದರೆ ಮನೆಗೆ ಹತ್ತಿರದ ಮಹಿಳಾ ಕಾಲೇಜಿನಲ್ಲಿ ಕಲಿಯಲಿ ಎಂಬುದು ಅವರ ಮಾತು. ಉಮ್ಮನಿಗೂ ಅದೇ ನೆಮ್ಮದಿ. ಹುಡುಗಿಗೂ ಆ ಕಾಲೇಜಿನ ಬಗ್ಗೆ ತಕರಾರಿಲ್ಲ. ಅವಳ ಗೆಳತಿಯರೆಲ್ಲ ಅಲ್ಲಿಗೇ ಸೇರುತ್ತಿದ್ದಾರೆ. ತೊಡಕು ಒಂದೇ. ಆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರವಿಲ್ಲ. ಅದನ್ನು ಕಲಿಸುವ ಅಧ್ಯಾಪಕಿ ಬಿಟ್ಟುಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಸಂಖ್ಯಾಶಾಸ್ತ್ರವಿರುವ ಇನ್ನೊಂದು ಕಾಲೇಜು ಎದುರಿಗೇ ಇದೆ. ಎರಡರ ನಡುವೆ ಇರುವುದು ಒಂದೇ ಒಂದು ರಸ್ತೆ.

"ಆಂಟಿ, ಉಳಿದದ್ದೆಲ್ಲ ಇಲ್ಲೇ ಕಲಿತು ಅದೊಂದು ಕ್ಲಾಸಿಗೆ ಮಾತ್ರ ಆ ಕಾಲೇಜಿಗೆ ಹೋಗಿಬರಲು ಆಗುವುದಿಲ್ಲವಾ? ಒಂದು ಗಂಟೆಯ ಕ್ಲಾಸ್ ಅಂದರೆ ಅಬ್ಬ ಬೇಡ ಅನ್ನಲಿಕ್ಕಿಲ್ಲ."

ನಾನು ಮರುದಿನ ಅವಳ ಜೊತೆ ಎರಡೂ ಕಾಲೇಜುಗಳ ಕಚೇರಿಗೆ ಹೋದೆ. ಎರಡೂ ಕಡೆ ಮರ್ಯಾದೆಯಿಂದಲೇ ಮಾತನಾಡಿದರು. ಎರಡೂ ಕಡೆ ಬಂದ ಉತ್ತರ ಒಂದೇ. "ಹಾಗೆ ಮಾಡುವ ಕ್ರಮವಿಲ್ಲ." ಶುಲ್ಕ ಯಾರು ಪಡೆಯಬೇಕು, ಹಾಜರಿ ಯಾರು ಹಾಕಬೇಕು, ಅಂಕ ಯಾರು ಕೊಡಬೇಕು, ರಸ್ತೆ ದಾಟುವಾಗ ಏನಾದರೂ ಆದರೆ ಹೊಣೆ ಯಾರು? ಈ ನಾಲ್ಕು ಪ್ರಶ್ನೆಗಳಿಗೆ ಅವರ ಬಳಿ ಉತ್ತರವಿರಲಿಲ್ಲ. ಹಿಂದೆ ಯಾರೂ ಕೇಳಿರಲೂ ಇಲ್ಲ.

ಮನೆಗೆ ಬಂದ ಮೇಲೂ ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಊರಿನ ಕಾಲೇಜುಗಳು ಪರಸ್ಪರ ಬಾಗಿಲು ತೆರೆದುಕೊಳ್ಳುವುದು ಅಷ್ಟೊಂದು ಅಸಾಧ್ಯವೇ? ಖಂಡಿತ ಅಲ್ಲ. ನಮಗಿಂತ ಎಷ್ಟೋ ಕಷ್ಟದಲ್ಲಿದ್ದ ಜನರು, ಸುಮಾರು ನೂರು ವರ್ಷಗಳ ಹಿಂದೆಯೇ ಅದನ್ನು ಮಾಡಿ ತೋರಿಸಿದ್ದಾರೆ. ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಆ ಕತೆಯನ್ನು ಸಹೋದರಿಯರೊಂದಿಗೆ ಈ ತಿಂಗಳು ಹಂಚಿಕೊಳ್ಳಬೇಕೆನಿಸಿತು.

ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1865ರಲ್ಲಿ. ಅದಕ್ಕೆ ಮುಂಚೆ ಜಾರ್ಜಿಯಾದಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಕಾನೂನಿನ ಪ್ರಕಾರ ಅಪರಾಧವಾಗಿತ್ತು. ಬಿಡುಗಡೆಯಾದ ಕಪ್ಪು ಜನರ ಕೈಯಲ್ಲಿ ಭೂಮಿ ಇರಲಿಲ್ಲ, ಹಣ ಇರಲಿಲ್ಲ, ಓದು ಬರುತ್ತಿರಲಿಲ್ಲ. ಕಲಿಯಬೇಕೆಂಬ ಹಸಿವು ಮಾತ್ರ ಧಾರಾಳವಾಗಿತ್ತು. ಹಾಗಾಗಿ ಅಟ್ಲಾಂಟಾದಲ್ಲಿ ಒಂದರ ಹಿಂದೆ ಒಂದು ಶಾಲೆಗಳು ಹುಟ್ಟಿಕೊಂಡವು. 1865ರಲ್ಲಿ ಅಟ್ಲಾಂಟಾ ಯೂನಿವರ್ಸಿಟಿ, 1869ರಲ್ಲಿ ಕ್ಲಾರ್ಕ್. 1867ರಲ್ಲಿ ಅಗಸ್ಟಾ ಪಟ್ಟಣದಲ್ಲಿ ಆರಂಭವಾಗಿ 1879ರಲ್ಲಿ ಅಟ್ಲಾಂಟಾಕ್ಕೆ ಬಂದ ಗಂಡುಮಕ್ಕಳ ಶಾಲೆಯೇ ಮುಂದೆ ಮೋರ್‌ಹೌಸ್ ಕಾಲೇಜು ಆಯಿತು. 1881ರಲ್ಲಿ ಮಾರಿಸ್ ಬ್ರೌನ್ ಸ್ಥಾಪನೆಯಾಯಿತು.

ಅದೇ 1881ರ ಏಪ್ರಿಲ್‌ನಲ್ಲಿ ಸೋಫಿಯಾ ಪ್ಯಾಕರ್ಡ್ ಮತ್ತು ಹ್ಯಾರಿಯೆಟ್ ಗೈಲ್ಸ್ ಎಂಬ ಇಬ್ಬರು ಅಧ್ಯಾಪಕಿಯರು ಕಪ್ಪು ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಅವರಿಗೆ ಸಿಕ್ಕ ಜಾಗ ಫ್ರೆಂಡ್‌ಶಿಪ್ ಬ್ಯಾಪ್ಟಿಸ್ಟ್ ಚರ್ಚ್‌ನ ನೆಲಮಾಳಿಗೆ. ಕೈಯಲ್ಲಿದ್ದುದು ಒಂದು ಸಭೆ ಕೊಟ್ಟ 100 ಡಾಲರ್. ಮೊದಲ ದಿನ ಬಂದವರು 11 ಮಂದಿ. ಅವರಲ್ಲಿ ಹೆಚ್ಚಿನವರು ಗುಲಾಮಗಿರಿಯನ್ನು ಕಂಡ ವಯಸ್ಕ ಹೆಂಗಸರು. ಅದೇ ಸ್ಪೆಲ್ಮನ್ ಕಾಲೇಜು. ಸ್ವಲ್ಪವೇ ಮುಂಚೆ ಮೋರ್‌ಹೌಸಿನ ಗಂಡುಮಕ್ಕಳಿಗೂ ಆಶ್ರಯ ಕೊಟ್ಟದ್ದು ಅದೇ ಚರ್ಚು. ಒಂದೇ ಸೂರಿನ ಕೆಳಗೆ ನಡೆಯಲು ಕಲಿತ ಎರಡು ಮಕ್ಕಳು ಎನ್ನೋಣ.

ವರ್ಷಗಳು ಉರುಳಿದಂತೆ ಪ್ರತಿಯೊಂದು ಸಂಸ್ಥೆಯೂ ಪ್ರತ್ಯೇಕವಾಗಿ ಬೆಳೆಯಿತು. ಕಷ್ಟವೂ ಬೆಳೆಯಿತು. ಎಲ್ಲರಿಗೂ ಗ್ರಂಥಾಲಯ ಬೇಕು, ಪ್ರಯೋಗಶಾಲೆ ಬೇಕು, ಪ್ರತಿ ವಿಷಯಕ್ಕೂ ಒಬ್ಬ ಅಧ್ಯಾಪಕ ಬೇಕು. ಯಾರ ಬಳಿಯೂ ಸಾಕಷ್ಟು ಹಣವಿಲ್ಲ. ಒಂದೇ ಪ್ರದೇಶದಲ್ಲಿ ಒಂದೇ ವಿಷಯವನ್ನು ಅರೆಬರೆಯಾಗಿ ಕಲಿಸುವ ಹಲವು ಕಾಲೇಜುಗಳು. ಈ ಚಿತ್ರ ನಮಗೆ ಹೊಸತೇನಲ್ಲ!

ಆಗ ಮುಂದೆ ಬಂದವರು ಜಾನ್ ಹೋಪ್. ಮೋರ್‌ಹೌಸ್ ಕಾಲೇಜಿನ ಮೊದಲ ಕಪ್ಪು ಅಧ್ಯಕ್ಷರು. 1929ರ ಏಪ್ರಿಲ್ 1ರಂದು ಅಟ್ಲಾಂಟಾ ಯೂನಿವರ್ಸಿಟಿ, ಮೋರ್‌ಹೌಸ್ ಮತ್ತು ಸ್ಪೆಲ್ಮನ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಸ್ಪೆಲ್ಮನ್‌ನ ಅಧ್ಯಕ್ಷೆಯಾಗಿದ್ದ ಫ್ಲಾರೆನ್ಸ್ ರೀಡ್ ಕೂಡ ಇದರಲ್ಲಿ ಪಾಲುದಾರರು. ಒಪ್ಪಂದದ ತಿರುಳು ಬಹಳ ಸರಳ. ಅಟ್ಲಾಂಟಾ ಯೂನಿವರ್ಸಿಟಿ ಪದವಿ ತರಗತಿಗಳನ್ನು ಬಿಟ್ಟುಕೊಟ್ಟು ಸ್ನಾತಕೋತ್ತರ ಶಿಕ್ಷಣ ಮಾತ್ರ ನಡೆಸುವುದು. ಮೋರ್‌ಹೌಸ್ ಗಂಡುಮಕ್ಕಳಿಗೆ, ಸ್ಪೆಲ್ಮನ್ ಹೆಣ್ಣುಮಕ್ಕಳಿಗೆ ಪದವಿ ಶಿಕ್ಷಣ ಕೊಡುವುದು. ಮೂರೂ ಸಂಸ್ಥೆಗಳು ಅಧ್ಯಾಪಕರನ್ನು, ಸೌಕರ್ಯಗಳನ್ನು ಹಂಚಿಕೊಳ್ಳುವುದು. ಹೆಸರು, ಆಡಳಿತ ಮಂಡಳಿ, ಸ್ವಂತಿಕೆ ಎಲ್ಲ ಅವರವರದೇ.

ಇಲ್ಲಿ ಒಂದು ಮಾತು ಗಮನಿಸಬೇಕು. ಸಹಕಾರವೆಂದರೆ ವೇದಿಕೆಯಲ್ಲಿ ಕೈ ಕುಲುಕಿ ಫೋಟೋ ತೆಗೆಸಿಕೊಳ್ಳುವುದಲ್ಲ. ಯಾರಾದರೂ ಏನನ್ನಾದರೂ ಬಿಟ್ಟುಕೊಡಬೇಕು. ಆ ನಗರದ ಹಳೆಯ ಸಂಸ್ಥೆಗಳಲ್ಲೊಂದಾದ ಅಟ್ಲಾಂಟಾ ಯೂನಿವರ್ಸಿಟಿ 60ಕ್ಕೂ ಹೆಚ್ಚು ವರ್ಷ ವಯಸ್ಸಾಗಿದ್ದಾಗ ತನ್ನ ಪದವಿ ತರಗತಿಗಳನ್ನು ಬಿಟ್ಟಿತು. ಅದು ಸಣ್ಣ ತ್ಯಾಗವಲ್ಲ. ಆದರೆ ಆ ತ್ಯಾಗದಿಂದ ಮೂವರಿಗೂ ಲಾಭವಾಯಿತು.

ಒಪ್ಪಂದದ ಮೊದಲ ಫಲ 1932ರಲ್ಲಿ ಕಂಡಿತು. ರಾಕ್‌ಫೆಲರ್ ಕುಟುಂಬದ ಹಣದಿಂದ ನಡೆಯುತ್ತಿದ್ದ ಜನರಲ್ ಎಜುಕೇಶನ್ ಬೋರ್ಡ್‌ನ ನೆರವಿನಿಂದ ಎಲ್ಲರಿಗೂ ಸೇರಿದ ಟ್ರೆವರ್ ಆರ್ನೆಟ್ ಗ್ರಂಥಾಲಯ ತೆರೆಯಿತು. ಆ ಗ್ರಂಥಾಲಯದ ಬೆಲೆ ತಿಳಿಯಬೇಕಾದರೆ ಅಂದಿನ ಅಟ್ಲಾಂಟಾ ಹೇಗಿತ್ತೆಂದು ತಿಳಿಯಬೇಕು. ನಗರದ ಮುಖ್ಯ ಸಾರ್ವಜನಿಕ ಗ್ರಂಥಾಲಯದ ಒಳಗೆ ಕಪ್ಪು ಜನರು ಕಾಲಿಟ್ಟು ಓದುವಂತಿರಲಿಲ್ಲ. ಅವರ ತೆರಿಗೆ ಬೇಕು, ಅವರು ಬೇಡ. ಈ ನಿಷೇಧ ಮುರಿದದ್ದು 1959ರಲ್ಲಿ. ಅಂದು ಆ ಗ್ರಂಥಾಲಯದ ಸದಸ್ಯತ್ವ ಕಾರ್ಡ್ ಪಡೆದ ಮೊದಲ ಕಪ್ಪು ವ್ಯಕ್ತಿ ಒಬ್ಬ ಮಹಿಳೆ. ಸ್ಪೆಲ್ಮನ್ ಕಾಲೇಜಿನಲ್ಲಿ ಫ್ರೆಂಚ್ ಕಲಿಸುತ್ತಿದ್ದ ಐರೀನ್ ಡಾಬ್ಸ್ ಜಾಕ್ಸನ್. ಅವರ ಮಗ ಮೇನಾರ್ಡ್ ಜಾಕ್ಸನ್ 1973ರಲ್ಲಿ ಆ ನಗರದ ಮೊದಲ ಕಪ್ಪು ಮೇಯರ್ ಆಗಿ ಆಯ್ಕೆಯಾದರು. ನಗರದ ಬಾಗಿಲು ಮುಚ್ಚಿದ್ದ ಆ 27 ವರ್ಷಗಳಲ್ಲಿ ಕಪ್ಪು ಜನರ ಕಾಲೇಜುಗಳ ಮಕ್ಕಳಿಗೆ ಓದಲು ಪುಸ್ತಕ ಕೊಟ್ಟದ್ದು ಅವರು ಕೂಡಿ ಕಟ್ಟಿಕೊಂಡ ಗ್ರಂಥಾಲಯ.

ಈ ಸಹಕಾರ ಒಂದು ಮನೆಯೊಳಗೆ ಹೇಗೆ ಕಾಣಿಸಿತು ಎಂಬುದಕ್ಕೆ ನಮಗೆಲ್ಲ ಗೊತ್ತಿರುವ ಒಂದು ಕುಟುಂಬವನ್ನೇ ನೋಡಬಹುದು. ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ 1944ರಲ್ಲಿ, ತಮ್ಮ 15ನೇ ವಯಸ್ಸಿನಲ್ಲಿ ಮೋರ್‌ಹೌಸ್ ಸೇರಿದರು. ಅವರ ಅಕ್ಕ ಕ್ರಿಸ್ಟೀನ್ ಓದಿದ್ದು ಪಕ್ಕದ ಸ್ಪೆಲ್ಮನ್‌ನಲ್ಲಿ. 1948ರಲ್ಲಿ ಅಕ್ಕ ತಮ್ಮ ಇಬ್ಬರೂ ಪದವೀಧರರಾದರು. ಅವರ ತಾಯಿ ಆಲ್ಬರ್ಟಾ ಕೂಡ ಹಿಂದೆ ಸ್ಪೆಲ್ಮನ್‌ನಲ್ಲಿ ಕಲಿತವರೇ. ಕ್ರಿಸ್ಟೀನ್ ಮುಂದೆ ಅದೇ ಕಾಲೇಜಿನಲ್ಲಿ ದಶಕಗಳ ಕಾಲ ಅಧ್ಯಾಪಕಿಯಾಗಿದ್ದರು. ತಮ್ಮನ ಹೆಸರು ಜಗತ್ತಿಗೆಲ್ಲ ಗೊತ್ತು. ಆ ಮನೆ ಹೆಣ್ಣುಮಕ್ಕಳನ್ನೂ ಅಷ್ಟೇ ಗಂಭೀರವಾಗಿ ಓದಿಸಿತ್ತು ಎಂಬುದು ಮಾತ್ರ ಅನೇಕರಿಗೆ ಗೊತ್ತಿಲ್ಲ.

ಕಿಂಗ್ ಅವರ ಕೈಬರಹದ ಕಾಗದಪತ್ರಗಳ ದೊಡ್ಡ ಸಂಗ್ರಹವೊಂದು 2006ರಲ್ಲಿ ಹರಾಜಿಗೆ ಬರಲಿತ್ತು. ಅಂದಿನ ಮೇಯರ್ ಶರ್ಲಿ ಫ್ರಾಂಕ್ಲಿನ್ ಎಂಬ ಮಹಿಳೆಯ ಮುಂದಾಳುತನದಲ್ಲಿ ಅಟ್ಲಾಂಟಾದ ಜನರು ಹಣ ಹೊಂದಿಸಿ ಅದನ್ನು ಊರಿಗೆ ಉಳಿಸಿಕೊಂಡರು. ಸಂಗ್ರಹದ ಒಡೆತನ ಮೋರ್‌ಹೌಸ್ ಕಾಲೇಜಿನದು. ಆದರೆ ಅದನ್ನು ಇಟ್ಟಿರುವುದು ಎಲ್ಲ ಕಾಲೇಜುಗಳಿಗೂ ಸೇರಿದ ರಾಬರ್ಟ್ ವುಡ್ರಫ್ ಗ್ರಂಥಾಲಯದಲ್ಲಿ. 1932ರ ಗ್ರಂಥಾಲಯ ಸಾಲದಾದಾಗ 1982ರಲ್ಲಿ ತೆರೆದ ಹೊಸ ಗ್ರಂಥಾಲಯವದು. ಒಬ್ಬರ ಸೊತ್ತು, ಎಲ್ಲರ ಉಪಯೋಗ!

ಇನ್ನು ನಮ್ಮ ಹುಡುಗಿಯ ಪ್ರಶ್ನೆಗೆ ಬರೋಣ. ಸ್ಪೆಲ್ಮನ್‌ನಲ್ಲಿ ಓದುವ ಹುಡುಗಿಗೆ ತನ್ನ ಕಾಲೇಜಿನಲ್ಲಿ ಇಲ್ಲದ ಒಂದು ವಿಷಯ ಬೇಕಾದರೆ ಆಕೆ ಏನು ಮಾಡುತ್ತಾಳೆ? ಪಕ್ಕದ ಕಾಲೇಜಿಗೆ ನಡೆದುಹೋಗಿ ಆ ತರಗತಿಯಲ್ಲಿ ಕೂರುತ್ತಾಳೆ. ಕ್ರಮ ಹೀಗಿದೆ: ಮೊದಲು ತನ್ನ ಕಾಲೇಜಿನ ಒಪ್ಪಿಗೆ ಪಡೆಯಬೇಕು. ಆ ಕಡೆಯ ತರಗತಿಯಲ್ಲಿ ಜಾಗ ಇರಬೇಕು. ಶುಲ್ಕವನ್ನು ತನ್ನ ಕಾಲೇಜಿಗೇ ಕಟ್ಟುತ್ತಾಳೆ. ಅಲ್ಲಿ ಪಡೆದ ಅಂಕ ತನ್ನ ಕಾಲೇಜಿನ ಅಂಕಪಟ್ಟಿಗೆ ಬಂದು ಸೇರುತ್ತದೆ. ನಮ್ಮ ಕಚೇರಿಗಳಲ್ಲಿ ಯಾರೂ ಉತ್ತರಿಸದ ಪ್ರಶ್ನೆಗಳಿಗೆ ಇವೇ ಉತ್ತರಗಳು. ಇದರಲ್ಲಿ ಬಿಡಿಸಲಾಗದ ಒಗಟು ಏನಿದೆ?

ಇದಕ್ಕಿಂತಲೂ ದೊಡ್ಡ ಹೆಜ್ಜೆ ಇಟ್ಟದ್ದು 1969ರಲ್ಲಿ. ಈ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಇರಲಿಲ್ಲ. ಅದನ್ನು ಆರಂಭಿಸುವ ಹಣವೂ ಇರಲಿಲ್ಲ. ಅದೇ ನಗರದಲ್ಲಿ ಜಾರ್ಜಿಯಾ ಟೆಕ್ ಎಂಬ ಹೆಸರಾಂತ ತಾಂತ್ರಿಕ ವಿದ್ಯಾಸಂಸ್ಥೆ ಇದೆ. ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಿದ್ದು 1952ರಲ್ಲಿ, ಕಪ್ಪು ವಿದ್ಯಾರ್ಥಿಗಳಿಗೆ ಸಿಕ್ಕಿದ್ದು 1961ರಲ್ಲಿ. ಅದಾಗಿ ಎಂಟೇ ವರ್ಷಗಳಲ್ಲಿ ಒಂದು ಜೋಡಿ ಪದವಿ ಯೋಜನೆ ಹುಟ್ಟಿತು. ಮೂರು ವರ್ಷ ತನ್ನ ಕಾಲೇಜಿನಲ್ಲಿ ಗಣಿತ, ವಿಜ್ಞಾನ ಓದುವುದು. ಬಳಿಕ ಎರಡು ವರ್ಷ ಜಾರ್ಜಿಯಾ ಟೆಕ್‌ನಲ್ಲಿ ಇಂಜಿನಿಯರಿಂಗ್. ಐದು ವರ್ಷಗಳ ಕೊನೆಗೆ ಕೈಯಲ್ಲಿ ಎರಡು ಪದವಿ. ಮುಂದೆ ಬೇರೆ ಇಂಜಿನಿಯರಿಂಗ್ ಕಾಲೇಜುಗಳೂ ಇದರಲ್ಲಿ ಸೇರಿಕೊಂಡವು.

ಇದರ ಸೊಗಸು ಏನೆಂದರೆ, ಒಬ್ಬ ಹುಡುಗಿ ತನಗೆ ಆಪ್ತವಾದ, ತನ್ನವರೆನಿಸುವ ವಾತಾವರಣದಲ್ಲಿ ಮೂರು ವರ್ಷ ಕಳೆದು, ಧೈರ್ಯ ತುಂಬಿಕೊಂಡು, ನಂತರ ದೊಡ್ಡ ಜಗತ್ತಿಗೆ ಕಾಲಿಡುತ್ತಾಳೆ. ನೆಮ್ಮದಿ ಬೇಕೋ ಅವಕಾಶ ಬೇಕೋ ಎಂದು ಯಾರೂ ಅವಳನ್ನು ಕೇಳುವುದಿಲ್ಲ. ಎರಡೂ ಅವಳಿಗಿದೆ. ವಿಜ್ಞಾನದಲ್ಲಿ ಮುಂದೆ ಡಾಕ್ಟರೇಟ್ ಪಡೆದ ಕಪ್ಪು ಮಹಿಳೆಯರು ಪದವಿ ಓದಿದ ಕಾಲೇಜುಗಳನ್ನು ಲೆಕ್ಕ ಹಾಕಿದರೆ ಸ್ಪೆಲ್ಮನ್ ಮುಂಚೂಣಿಯಲ್ಲಿದೆ. ಇಂದಿಗೂ ಅದು ಮಹಿಳಾ ಕಾಲೇಜೇ. ಮಹಿಳಾ ಕಾಲೇಜು ಎಂದರೆ ಸುಲಭದ ವಿಷಯಗಳ ಕಾಲೇಜು ಎಂದು ಮೂಗು ಮುರಿಯುವವರೂ, ಮಹಿಳಾ ಕಾಲೇಜಿಗೆ ಇಷ್ಟು ಸಾಕು ಎಂದು ಕೈಕಟ್ಟಿ ಕೂರುವವರೂ ಇದನ್ನು ತಿಳಿದಿರುವುದು ಒಳ್ಳೆಯದು.

ಹಾಗೆಂದು ಅಲ್ಲಿ ಎಲ್ಲವೂ ಸರಿಯಿತ್ತು ಎಂದು ಭಾವಿಸಬೇಕಾಗಿಲ್ಲ. ಅದೇ ನಗರದ ಬಿಳಿಯರ ಕಾಲೇಜುಗಳು 1938ರಲ್ಲಿ ತಮ್ಮದೇ ಇನ್ನೊಂದು ಕೂಟ ಕಟ್ಟಿಕೊಂಡವು. ಎಮರಿ, ಜಾರ್ಜಿಯಾ ಟೆಕ್, ಆಗ್ನೆಸ್ ಸ್ಕಾಟ್ ಎಂಬ ಮಹಿಳಾ ಕಾಲೇಜು ಮುಂತಾದವು ಅದರಲ್ಲಿದ್ದವು. ಒಂದೇ ನಗರ, ಎರಡು ಕೂಟ, ನಡುವೆ ಬಣ್ಣದ ಗೋಡೆ. ಆ ಗೋಡೆ ಬಿದ್ದು ಎರಡೂ ಬಳಗಗಳು ಒಂದೇ ಪಟ್ಟಿಯಲ್ಲಿ ಕಾಣಿಸಿಕೊಳ್ಳಲು ದಶಕಗಳೇ ಬೇಕಾದವು. ತಮ್ಮವರೊಳಗೆ ಮಾತ್ರ ಹಂಚಿಕೊಂಡು ಪಕ್ಕದವನಿಗೆ ಬಾಗಿಲು ಹಾಕಿದರೆ ಅದು ಅರ್ಧ ಸಹಕಾರ ಮಾತ್ರ.

ಇನ್ನೊಂದು ಪಾಠ ಮಾರಿಸ್ ಬ್ರೌನ್ ಕಾಲೇಜಿನದು. ಅದೂ ಮುಂದೆ ಈ ಬಳಗವನ್ನು ಸೇರಿತ್ತು. ಕಪ್ಪು ಜನರು ಯಾರ ಮುಂದೆಯೂ ಕೈಚಾಚದೆ ತಾವೇ ಕಟ್ಟಿದ ಕಾಲೇಜು ಎಂಬ ಹೆಮ್ಮೆ ಅದಕ್ಕಿತ್ತು. ಆದರೆ ಹಣಕಾಸಿನ ಅವ್ಯವಸ್ಥೆಯಿಂದ 2002ರ ಕೊನೆಯಲ್ಲಿ ಮಾನ್ಯತೆ ಕಳೆದುಕೊಂಡಿತು. ಸುಮಾರು 2,500 ವಿದ್ಯಾರ್ಥಿಗಳಿದ್ದ ಕಾಲೇಜು ಕೆಲವೇ ಡಜನ್ ವಿದ್ಯಾರ್ಥಿಗಳ ಮಟ್ಟಕ್ಕೆ ಕುಸಿಯಿತು. ಮಾನ್ಯತೆ ಮರಳಿ ಸಿಕ್ಕಿದ್ದು 2022ರಲ್ಲಿ. 20 ವರ್ಷಗಳ ವನವಾಸ! ನೆರೆಹೊರೆ ಎಷ್ಟೇ ಚೆನ್ನಾಗಿರಲಿ, ನಮ್ಮ ಮನೆಯ ಜಮಾಖರ್ಚನ್ನು ನಾವೇ ನೋಡಿಕೊಳ್ಳಬೇಕು. ಪಕ್ಕದ ಮನೆಯವರು ಸಕ್ಕರೆ ಕೊಟ್ಟಾರು, ಸಂಸಾರ ನಡೆಸಿಕೊಡುವುದಿಲ್ಲ. 1988ರಲ್ಲಿ ಕ್ಲಾರ್ಕ್ ಕಾಲೇಜು ಮತ್ತು ಅಟ್ಲಾಂಟಾ ಯೂನಿವರ್ಸಿಟಿ ಪೂರ್ತಿಯಾಗಿ ಒಂದಾಗಿ ಕ್ಲಾರ್ಕ್ ಅಟ್ಲಾಂಟಾ ಯೂನಿವರ್ಸಿಟಿ ಆದವು. ಸ್ಪೆಲ್ಮನ್ ಮತ್ತು ಮೋರ್‌ಹೌಸ್ ಬೇರೆಯಾಗಿಯೇ ಉಳಿದು ಕೈಜೋಡಿಸಿದವು. ಕೆಲವರಿಗೆ ಒಂದಾಗುವುದು ಒಳಿತು, ಕೆಲವರಿಗೆ ನೆರೆಯವರಾಗಿರುವುದು ಒಳಿತು.

ನಮ್ಮ ದೇಶದಲ್ಲಿ ಈ ಚಿಂತನೆ ಬಂದೇ ಇಲ್ಲವೇ? ಬಂದಿದೆ. ದೆಹಲಿ ವಿಶ್ವವಿದ್ಯಾನಿಲಯ ಮತ್ತು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ಒಂದೇ ನಗರದ ಈ ಎರಡು ವಿಶ್ವವಿದ್ಯಾನಿಲಯಗಳು 2012ರಲ್ಲಿ ಗಣಿತ ಶಿಕ್ಷಣದಲ್ಲಿ ಜಂಟಿ ಸ್ನಾತಕೋತ್ತರ ಪದವಿ ಆರಂಭಿಸಿದವು. ಶ್ರೀನಗರದಲ್ಲಿ 2016ರ ಕಾಯಿದೆಯಂತೆ ಅಮರ್ ಸಿಂಗ್ ಕಾಲೇಜು, ಶ್ರೀ ಪ್ರತಾಪ್ ಕಾಲೇಜು, ಮೌಲಾನಾ ಆಝಾದ್ ರಸ್ತೆಯ ಮಹಿಳಾ ಕಾಲೇಜು ಮುಂತಾದವುಗಳನ್ನು ಕೂಡಿಸಿ ಕ್ಲಸ್ಟರ್ ವಿಶ್ವವಿದ್ಯಾನಿಲಯ ರಚಿಸಲಾಯಿತು. ಬೆಂಗಳೂರಿನಲ್ಲಿಯೂ ಅರಮನೆ ರಸ್ತೆಯ ಮಹಾರಾಣಿ ಕಾಲೇಜನ್ನು ಮುಂದಿಟ್ಟುಕೊಂಡು ಕೆಲವು ಸರಕಾರಿ ಕಾಲೇಜುಗಳನ್ನು ಸೇರಿಸಿ ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾನಿಲಯ ಆಗಿದೆ.

ಇದಕ್ಕಿಂತ ಮುಖ್ಯವಾದುದು 2021ರಲ್ಲಿ ಯುಜಿಸಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಹೆಸರು ದೊಡ್ಡದು, ವಿಷಯ ಸಣ್ಣದು. ನಾವು ಬ್ಯಾಂಕಿನಲ್ಲಿ ಹಣ ಇಡುವ ಹಾಗೆ ವಿದ್ಯಾರ್ಥಿಯ ಹೆಸರಿನಲ್ಲಿ ಒಂದು ಖಾತೆ. ಬೇರೆ ಬೇರೆ ಸಂಸ್ಥೆಗಳಲ್ಲಿ ಕಲಿತು ಪಡೆದ ಕ್ರೆಡಿಟ್‌ಗಳು ಆ ಖಾತೆಗೆ ಜಮೆಯಾಗುತ್ತವೆ. ಆ ನಿಯಮಗಳಂತೆ ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಪಡೆದಿರಬೇಕು. ಉಳಿದುದನ್ನು ಬೇರೆ ಕಡೆಯಿಂದ ತರಲು ದಾರಿಯಿದೆ. ಸರಕಾರದ ಸ್ವಯಂ ಎಂಬ ಅಂತರ್ಜಾಲ ತರಗತಿಗಳ ಮೂಲಕ ಒಂದು ಸೆಮಿಸ್ಟರಿನ ವಿಷಯಗಳಲ್ಲಿ 40 ಶೇಕಡಾದವರೆಗೆ ಕಲಿಯಲು ಅವಕಾಶ ಕೊಡಬಹುದೆಂದೂ ಅದೇ ವರ್ಷ ಯುಜಿಸಿ ಹೇಳಿದೆ. ಆದರೆ ಇವೆಲ್ಲ ನಡೆಯಬೇಕಾದರೆ ಕಾಲೇಜು ಮತ್ತು ವಿಶ್ವವಿದ್ಯಾನಿಲಯ ಒಪ್ಪಬೇಕು. ಕಾಗದದ ಮೇಲೆ ಬಾಗಿಲು ತೆರೆದಿದೆ. ಚಿಲಕ ಇನ್ನೂ ನಮ್ಮ ಕಚೇರಿಗಳ ಒಳಗಡೆಯಿದೆ.

ಇಲ್ಲಿ ನಮ್ಮ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ನಮ್ಮ ಸಮುದಾಯದ ಶಿಕ್ಷಣ ಪ್ರೇಮಿಗಳು ಅಲ್ಲಲ್ಲಿ ಶಾಲೆ ಕಾಲೇಜುಗಳನ್ನು ಕಟ್ಟಿದ್ದಾರೆ. ಅದರ ಹಿಂದಿನ ಬೆವರಿಗೆ ಬೆಲೆ ಕಟ್ಟಲಾಗದು. ಆದರೆ ಒಂದೇ ಪೇಟೆಯಲ್ಲಿ ಎರಡು ಮೂರು ಸಂಸ್ಥೆಗಳಿದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಗ್ರಂಥಾಲಯ, ಪ್ರತ್ಯೇಕ ಕಂಪ್ಯೂಟರ್ ಕೋಣೆ, ಪ್ರತ್ಯೇಕ ಬಸ್ಸು. ಪ್ರತಿಯೊಂದೂ ಅರ್ಧ ತುಂಬಿದ್ದು. ಒಂದು ಕಾಲೇಜಿನ ಅಧ್ಯಾಪಕಿ ಇನ್ನೊಂದರಲ್ಲಿ ವಾರಕ್ಕೆ ಎರಡು ಗಂಟೆ ಕಲಿಸಿದರೆ ಯಾರ ಪ್ರತಿಷ್ಠೆಗೆ ಕುಂದು? ಮದುವೆ ಮನೆಗೆ ನೆರೆಮನೆಯಿಂದ ದೊಡ್ಡ ಪಾತ್ರೆ ತರಲು ನಾವು ನಾಚುವುದಿಲ್ಲ. ಬಿರಿಯಾನಿಗೆ ಸಲ್ಲುವ ಬುದ್ಧಿ ಪುಸ್ತಕಕ್ಕೆ ಏಕೆ ಸಲ್ಲಬಾರದು?

ತಾಯಂದಿರು ಮಾಡಬಹುದಾದ ಕೆಲಸವೂ ಇದೆ. ಮಗಳನ್ನು ಕಾಲೇಜಿಗೆ ಸೇರಿಸುವಾಗ ನಾವು ಶುಲ್ಕ ಎಷ್ಟು, ಬಸ್ಸು ಇದೆಯೇ, ಎಷ್ಟು ಗಂಟೆಗೆ ಬಿಡುತ್ತಾರೆ ಎಂದು ಕೇಳುತ್ತೇವೆ. ಜೊತೆಗೆ ಇನ್ನೆರಡು ಪ್ರಶ್ನೆ ಕೇಳೋಣ. ಅಕಾಡೆಮಿಕ್ ಬ್ಯಾಂಕಿನಲ್ಲಿ ಮಗಳ ಖಾತೆ ತೆರೆಸುತ್ತೀರಾ? ಇಲ್ಲಿ ಇಲ್ಲದ ವಿಷಯವನ್ನು ಬೇರೆ ಕಾಲೇಜಿನಲ್ಲಿ ಅಥವಾ ಸ್ವಯಂ ಮೂಲಕ ಕಲಿತರೆ ಅದನ್ನು ಅಂಕಪಟ್ಟಿಗೆ ಸೇರಿಸುತ್ತೀರಾ? ಒಬ್ಬ ತಾಯಿ ಕೇಳಿದರೆ ಗುಮಾಸ್ತರು ನಗಬಹುದು. ಹತ್ತು ತಾಯಂದಿರು ಕೇಳಿದರೆ ಪ್ರಾಂಶುಪಾಲರು ವಿಶ್ವವಿದ್ಯಾನಿಲಯಕ್ಕೆ ಪತ್ರ ಬರೆಯುತ್ತಾರೆ. ರಕ್ಷಕ-ಶಿಕ್ಷಕ ಸಭೆ ಇರುವುದು ಚಹಾ ಕುಡಿದು ಬರಲಿಕ್ಕಲ್ಲವಲ್ಲ.

ನಮ್ಮ ಹುಡುಗಿಯ ಸಂಗತಿ ಹೇಳಿ ಮುಗಿಸುತ್ತೇನೆ. ಅವಳು ಅದೇ ಮಹಿಳಾ ಕಾಲೇಜಿನಲ್ಲಿ ಬಿ.ಎ. ಸೇರಿದ್ದಾಳೆ. ಸಂಖ್ಯಾಶಾಸ್ತ್ರ ಅವಳ ಅಂಕಪಟ್ಟಿಯಲ್ಲಿಲ್ಲ. ಆದರೆ ಅವಳು ಸುಮ್ಮನೆ ಕುಳಿತಿಲ್ಲ. ಸ್ವಯಂನಲ್ಲಿ ಸಂಖ್ಯಾಶಾಸ್ತ್ರದ ತರಗತಿಗೆ ಹೆಸರು ನೋಂದಾಯಿಸಿ, ಮಗ್ರಿಬ್ ಕಳೆದ ಮೇಲೆ ಉಮ್ಮನ ಮೊಬೈಲ್‌ನಲ್ಲಿ ಪಾಠ ಕೇಳುತ್ತಾಳೆ. ಅದನ್ನು ತನ್ನ ಪದವಿಯ ಲೆಕ್ಕಕ್ಕೆ ಸೇರಿಸಬೇಕೆಂದು ಕಾಲೇಜಿಗೆ ಅರ್ಜಿ ಕೊಟ್ಟಿದ್ದಾಳೆ. ಅರ್ಜಿಯ ಕೆಳಗೆ ತರಗತಿಯ ಏಳು ಮಂದಿ ಗೆಳತಿಯರೂ ಸಹಿ ಹಾಕಿದ್ದಾರಂತೆ. ಉತ್ತರ ಇನ್ನೂ ಬಂದಿಲ್ಲ.

ಅಟ್ಲಾಂಟಾದ ನೆಲಮಾಳಿಗೆಯಲ್ಲಿ ಮೊದಲ ದಿನ ಇದ್ದವರು 11 ಮಂದಿ. ನಮ್ಮ ಊರಿನಲ್ಲಿ ಎಂಟು ಮಂದಿ ಆಗಿದ್ದಾರೆ. ಅವರ ಜೊತೆ ಆ ಕಚೇರಿಯ ಬಾಗಿಲಲ್ಲಿ ನಿಲ್ಲಬೇಕಾದವರು ನಾವು.